ನೆರಳು ಬಿದ್ದಲ್ಲಿ ಹುಲ್ಲು

ಮಂಡಿ ನೋವಿನವರಿಗೆ ಸ್ವಿಟ್ಜರ್ಲೆಂಡ್ ಹೇಳಿ ಮಾಡಿಸಿದ ದೇಶವಲ್ಲ. ಕಣ್ಣು ಹಾಯಿಸಿದಲ್ಲೆಲ್ಲ ಬೆಟ್ಟ. ಬೆಟ್ಟ ಕಂಡರೆ ಹತ್ತದೆ ಬಿಡದ ಜನ. ಬಾಡೆನ್‌ನಲ್ಲಿ ಕೆಲಸ ಮಾಡುವ ಮಗಳು ಅಂಥ ದೇಶದಲ್ಲೂ ನಮಗಾಗಿ ಒಂದು ಸಮತಟ್ಟಾದ ದಾರಿ ಹುಡುಕಿದ್ದಳು. ಲಿಮ್ಮಾತ್ ನದಿ ಮೂರು ಕಡೆಯಿಂದ ಬಳಸಿ ಹರಿಯುವ ನೆಲ, ಅದರ ಮೇಲೆ ವೆಟಿಂಗೆನ್ ಮಠ, ಮಠವನ್ನು ನಡುವೆ ಬಿಟ್ಟು ಹೊಳೆಯಂಚಿನಲ್ಲೇ ಒಂದು ಸುತ್ತು. “ಪ್ರದಕ್ಷಿಣೆ ಅಂದ್ಕೊ ಅಪ್ಪಾ, ಮಂಡಿಗೇನೂ ಆಗಲ್ಲ” ಎಂದಳು.

ಪ್ರದಕ್ಷಿಣೆ ಎಂದದ್ದೇ ತಪ್ಪಾಯಿತು. ನನ್ನಾಕೆ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ಮಠ ನಮ್ಮ ಬಲಕ್ಕೆ ಬರಬೇಕು ರೀ, ಈ ಕಡೆಯಿಂದ ಬನ್ನಿ” ಎಂದು ಮಗಳು ತೋರಿಸಿದ್ದಕ್ಕೆ ತಿರುವುಮುರುವಾಗಿ ನಡೆಸಿದಳು. ಎದುರಿಗೆ ಬಂದ ಸ್ವಿಸ್ ಮುದುಕರೆಲ್ಲ ನಮಸ್ಕಾರ ಹೇಳಿಹೋದರು. ಅವರಿಗೆ ಎಡವೂ ಒಂದೇ, ಬಲವೂ ಒಂದೇ.

ಆ ದೇಶದ ಕಾಲ್ದಾರಿಗಳಲ್ಲಿ ಹಳದಿ ಫಲಕಗಳಿರುತ್ತವೆ. ಅವು ಎಷ್ಟು ದೂರ ಎಂದು ಹೇಳುವುದಿಲ್ಲ, ಎಷ್ಟು ಹೊತ್ತು ಎಂದು ಹೇಳುತ್ತವೆ. ಸಮತಟ್ಟು ನೆಲದಲ್ಲಿ ಗಂಟೆಗೆ 4.2 ಕಿಲೋಮೀಟರ್ ನಡೆಯುವವನ ಲೆಕ್ಕವಂತೆ ಅದು. ನಾನು ಫಲಕಕ್ಕೆ ಸೋಲುತ್ತಲೇ ಹೋದೆ. ನಮ್ಮ ಕಡೆ ದಾರಿ ಕೇಳಿದರೆ “ಇಲ್ಲೇ, ಕೂಗಳತೆ” ಅನ್ನುತ್ತಾರೆ. ಅದರಲ್ಲಿ ಸೋಲುವ ಪ್ರಶ್ನೆಯೇ ಇಲ್ಲ.

ಮಠ 1227ರದ್ದು. ರಾಪರ್ಸ್‌ವಿಲ್‌ನ ಹೈನ್ರಿಕ್ ಎಂಬ ಪಾಳೆಯಗಾರ ಕಟ್ಟಿಸಿದ್ದು. ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕಿದಾಗ ಮೇರಿಗೆ ಹರಕೆ ಹೊತ್ತ, ಮೋಡದ ನಡುವೆ ಒಂದು ನಕ್ಷತ್ರ ಕಂಡಿತು, ಬದುಕಿ ಬಂದವನು ಹರಕೆ ತೀರಿಸಿದ ಎಂಬ ಐತಿಹ್ಯವಿದೆ. ಮಠದ ಲ್ಯಾಟಿನ್ ಹೆಸರು ಮಾರಿಸ್ ಸ್ಟೆಲ್ಲಾ, ಕಡಲ ನಕ್ಷತ್ರ. ಕಡಲೇ ಇಲ್ಲದ ದೇಶದ ನಡುವೆ ಈ ಹೆಸರು ಆರು ನೂರು ವರ್ಷ ಬಾಳಿತು. ಸಿಸ್ಟರ್ಸಿಯನ್ ಪಂಥದ ಸನ್ಯಾಸಿಗಳು ಇಲ್ಲಿ ಹೊಲ ಉತ್ತರು, ದ್ರಾಕ್ಷಿ ಬೆಳೆದರು, ರಾತ್ರಿ ಎದ್ದು ಪ್ರಾರ್ಥನೆ ಹಾಡಿದರು. 1308ರಲ್ಲಿ ಕೊಲೆಯಾದ ಜರ್ಮನ್ ದೊರೆ ಒಂದನೇ ಆಲ್ಬ್ರೆಕ್ಟ್‌ನ ದೇಹವನ್ನೂ ಮರುವರ್ಷ ಶ್ಪೆಯರ್‌ಗೆ ಸಾಗಿಸುವವರೆಗೆ ಇಲ್ಲೇ ಇಟ್ಟಿದ್ದರು.

ಕೈಸಾಲೆಯ ಕಿಟಕಿಗಳಲ್ಲಿ ಬಣ್ಣದ ಗಾಜಿನ ಚಿತ್ರಗಳಿವೆ. 13ನೇ ಶತಮಾನದಿಂದ 17ನೇ ಶತಮಾನದವರೆಗಿನವು. ಬಹಳಷ್ಟು ಗಾಜುಗಳ ಮೇಲೆ ಕೊಡಿಸಿದವರ ಲಾಂಛನವೇ ದೊಡ್ಡದು, ಸಂತರು ಸ್ವಲ್ಪ ಒತ್ತರಿಸಿಕೊಂಡು ನಿಂತಿದ್ದಾರೆ. ನಮ್ಮ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಬರೆಸುವ ಹಾಗೆ. ಆದರೆ ಇಲ್ಲಿ ಹೆಸರಿನ ಮೂಲಕವೂ ಬೆಳಕು ಬರುತ್ತದೆ ಎನ್ನುವುದನ್ನು ಒಪ್ಪಬೇಕು.

“ಎಲ್ಲಾ ಸರಿ, ಸ್ವಾಮಿಗಳೆಲ್ಲಿ?” ಎಂದಳು ನನ್ನಾಕೆ. ಕಾಣುತ್ತಿದ್ದವರೆಲ್ಲ ಬೆನ್ನಿಗೆ ಬ್ಯಾಗು ನೇತುಹಾಕಿಕೊಂಡ ಹುಡುಗ ಹುಡುಗಿಯರು. ಒಬ್ಬ ಹುಲ್ಲಿನ ಮೇಲೆ ಅಂಗಾತ ಮಲಗಿ ಪುಸ್ತಕವನ್ನು ಮುಖಕ್ಕೆ ಮುಚ್ಚಿಕೊಂಡಿದ್ದ. ಪರೀಕ್ಷೆ ಹತ್ತಿರವಿದ್ದಾಗ ಮಾತ್ರ ಅಂಥ ನಿದ್ದೆ ಬರುವುದು. ಮೂವತ್ತಕ್ಕೂ ಹೆಚ್ಚು ವರ್ಷ ಮೇಷ್ಟ್ರಾಗಿದ್ದವನಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಮಠದಲ್ಲಿ ಈಗ ಪ್ರೌಢಶಾಲೆ ನಡೆಯುತ್ತಿದೆ. ಸ್ವಾಮಿಗಳು ಹೋಗಿ ಎರಡು ಶತಮಾನಕ್ಕೆ ಸಮೀಪವಾಯಿತು.

ಹೋದರು ಅನ್ನುವುದಕ್ಕಿಂತ ಕಳಿಸಿದರು ಅನ್ನಬೇಕು. 1841ರ ಜನವರಿ 13ರಂದು ಆರ್ಗಾವ್ ಪ್ರಾಂತ್ಯದ ಶಾಸನಸಭೆಯಲ್ಲಿ ಔಗುಸ್ಟಿನ್ ಕೆಲ್ಲರ್ ಎಂಬ ಸದಸ್ಯ ಎದ್ದು ನಿಂತು, ಪ್ರಾಂತ್ಯದ ಮಠಗಳನ್ನೆಲ್ಲ ಮುಚ್ಚಬೇಕು ಎಂದ. ಹೊಸ ಸಂವಿಧಾನದ ವಿರುದ್ಧ ಕ್ಯಾಥೊಲಿಕ್ ಹಳ್ಳಿಗಳು ದಂಗೆ ಎದ್ದಿದ್ದ ದಿನಗಳವು; ಮಠಗಳೇ ಚಿತಾವಣೆ ಮಾಡುತ್ತಿವೆ ಎಂಬುದು ಆರೋಪ. ಕೆಲ್ಲರ್ ಸ್ವತಃ ಕ್ಯಾಥೊಲಿಕ್. ಸನ್ಯಾಸಿಯನ್ನು ಸ್ವರ್ಗದ ಹಸಿರು ಬಯಲಿನಲ್ಲಿ ನಿಲ್ಲಿಸಿದರೂ ಅವನ ನೆರಳು ಬಿದ್ದಷ್ಟು ದೂರ ಹುಲ್ಲು ಬೆಳೆಯದು ಎಂಬರ್ಥದ ಮಾತನ್ನು ಅವನು ಅಂದು ಆಡಿದ. ಸಭೆ ಒಪ್ಪಿತು. ಸನ್ಯಾಸಿಗಳು ಚಳಿಗಾಲದಲ್ಲೇ ಗಂಟುಮೂಟೆ ಕಟ್ಟಿದರು. 1843ರಲ್ಲಿ ಸನ್ಯಾಸಿನಿಯರ ನಾಲ್ಕು ಮಠಗಳನ್ನು ತಿರುಗಿ ತೆರೆಯಲು ಬಿಟ್ಟರು, ಗಂಡಸರ ಮಠಗಳನ್ನು ಬಿಡಲಿಲ್ಲ.

ಕೆಲ್ಲರ್‌ನ ಉದ್ಯೋಗ ಏನು ಗೊತ್ತೆ? ಮೇಷ್ಟ್ರುಗಳನ್ನು ತಯಾರು ಮಾಡುವ ಶಾಲೆಯ ಮುಖ್ಯಸ್ಥ. 1847ರಲ್ಲಿ ಆ ಶಾಲೆ ಇದೇ ಖಾಲಿ ಮಠಕ್ಕೆ ಬಂತು, ಅವನೂ ಬಂದ, 1856ರವರೆಗೆ ಅದನ್ನು ನಡೆಸಿದ. ಮಠ ಮುಚ್ಚಿಸಿದವನೇ ಮಠದೊಳಗೆ ಕೂತು ಪಾಠ ನೋಡಿಕೊಂಡ. ಶಿಕ್ಷಕರ ಶಾಲೆ 1976ರವರೆಗೆ ಇತ್ತು, ಆಮೇಲೆ ಈಗಿನ ಪ್ರೌಢಶಾಲೆ.

ಇದನ್ನು ತಿಳಿದಾಗ ನನಗೆ ಖುಷಿಯಾಗಬೇಕಿತ್ತು. ಮೇಷ್ಟ್ರು ಗೆದ್ದ ಕಥೆ ತಾನೆ! ಆದರೆ ನಾನು ಓದಿದ್ದು ತುಮಕೂರಿನ ಸಿದ್ಧಗಂಗೆಯಲ್ಲಿ. ಅಪ್ಪನಿಗೆ ನನ್ನನ್ನು ಓದಿಸುವ ತ್ರಾಣವಿರಲಿಲ್ಲ. ಒಂದು ಟ್ರಂಕು, ಒಂದು ತಟ್ಟೆ ಕೊಟ್ಟು ಮಠದಲ್ಲಿ ಬಿಟ್ಟುಹೋದ. ಬೆಳಗಿನ ಪ್ರಾರ್ಥನೆ, ಸಾಲಾಗಿ ಕೂತು ಉಣ್ಣುವ ಮುದ್ದೆ ಸಾರು, ಆಮೇಲೆ ತರಗತಿ. ಯಾವ ಜಾತಿ ಎಂದು ಪಂಕ್ತಿಯಲ್ಲಿ ಯಾರೂ ಕೇಳಲಿಲ್ಲ. ಶಿವಕುಮಾರ ಸ್ವಾಮಿಗಳು ಆ ಮಠದ ಹೊಣೆ ಹೊತ್ತದ್ದು 1941ರಲ್ಲಿ, ವೆಟಿಂಗೆನ್ ಬಾಗಿಲು ಹಾಕಿ ಸರಿಯಾಗಿ ನೂರು ವರ್ಷಕ್ಕೆ. 2019ರಲ್ಲಿ, 111ನೇ ವಯಸ್ಸಿನಲ್ಲಿ ಅವರು ತೀರಿಕೊಳ್ಳುವವರೆಗೆ ಸಾವಿರ ಸಾವಿರ ಮಕ್ಕಳು ಆ ನೆರಳಲ್ಲಿ ಬೆಳೆದರು. ನಾನೂ ಅಲ್ಲಿ ಮೊಳೆತ ಒಂದು ಗರಿಕೆ. ಕೆಲ್ಲರ್‌ನ ಕಾಲದ ಸಿಟ್ಟಿಗೆ ಅವನದೇ ಕಾರಣಗಳಿರಬಹುದು. ನಮ್ಮಲ್ಲೂ ಎಲ್ಲ ಮಠಗಳೂ ಸಿದ್ಧಗಂಗೆಯಲ್ಲ. ಆದರೂ ಆ ಮಾತಿಗೆ ನನ್ನ ತಕರಾರಿದೆ.

ಹೊರಬಿದ್ದ ಸನ್ಯಾಸಿಗಳು ಅಲ್ಲಿ ಇಲ್ಲಿ ಅಲೆದು 1854ರಲ್ಲಿ ಆಸ್ಟ್ರಿಯಾದ ಬ್ರೆಗೆಂಜ್ ಬಳಿಯ ಮೆಹ್ರೆರಾವ್‌ನಲ್ಲಿ ನೆಲೆ ನಿಂತರು. ಅಲ್ಲಿ ಮಾಡಿದ್ದೇನು? ಒಂದು ವಸತಿ ಶಾಲೆ ತೆರೆದರು. ಇಲ್ಲೂ ಪಾಠ, ಅಲ್ಲೂ ಪಾಠ. ಜಗಳವಿದ್ದದ್ದು ಮಕ್ಕಳು ಯಾರ ಮಾತು ಕೇಳಬೇಕು ಎನ್ನುವುದರಲ್ಲಿ, ಅಷ್ಟೆ. ಆ ಮಠ ಇಂದಿಗೂ ವೆಟಿಂಗೆನ್-ಮೆಹ್ರೆರಾವ್ ಎಂದೇ ಕರೆದುಕೊಳ್ಳುತ್ತದೆ.

ಹೊಳೆ ದಾಟಲು ಒಂದು ತೂಗುಸೇತುವೆ, ಚಾವಣಿ ಹೊದಿಸಿದ ಒಂದು ಮರದ ಸೇತುವೆ ಇವೆ. ತೂಗುಸೇತುವೆಯ ಮೇಲೆ ನನ್ನಾಕೆ ನನ್ನ ತೋಳು ಬಿಡಲಿಲ್ಲ. ಇದೇ ಹೊಳೆಗೆ ಗ್ರೂಬೆನ್‌ಮನ್ ಎಂಬ ಬಡಗಿ ಸಹೋದರರು 1760ರ ದಶಕದಲ್ಲಿ ನಡುವೆ ಕಂಬವೇ ಇಲ್ಲದ ಮರದ ಸೇತುವೆ ಕಟ್ಟಿದ್ದರು. ಸುಮಾರು 61 ಮೀಟರ್ ಉದ್ದದ ಒಂದೇ ಹಾರು. 1799ರಲ್ಲಿ ಫ್ರೆಂಚ್ ಸೈನಿಕರು ಅದನ್ನು ಸುಟ್ಟರು. ಸುಟ್ಟ ಮೇಲೆ ಸೇತುವೆ ಬೆಳೆಯತೊಡಗಿತು. ಹಳೆಯ ಪುಸ್ತಕಗಳಲ್ಲಿ ಅದರ ಉದ್ದ 390 ಅಡಿಯಾಗಿ, ಸುಮಾರು ಎರಡರಷ್ಟಾಗಿ ಕೂತಿತು. ಅಳೆದು ನೋಡಲು ಸೇತುವೆಯೇ ಇರಲಿಲ್ಲವಲ್ಲ!

ಸುತ್ತು ಮುಗಿಯುವ ಹೊತ್ತಿಗೆ ಶಾಲೆ ಬಿಟ್ಟಿತ್ತು. ಮಕ್ಕಳ ಮನೆಗೆಂದು ಆ ಕಡೆ ಹೋಗುವ ಅಪ್ಪ ಅಮ್ಮಂದಿರಿಗೆ ನನ್ನದೊಂದು ಮಾತು. ಟಿಟ್ಲಿಸ್, ಯುಂಗ್‌ಫ್ರಾವ್ ಹೇಗೂ ತೋರಿಸುತ್ತಾರೆ, ಅವಕ್ಕೆ ದುಡ್ಡೂ ಚೆನ್ನಾಗಿ ಬೀಳುತ್ತದೆ. ವೆಟಿಂಗೆನ್ ನಿಲ್ದಾಣ ಜ್ಯೂರಿಕ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಸಿಗುತ್ತದೆ, ಅಲ್ಲಿಂದ ಮಠಕ್ಕೆ ನಡೆದೇ ಹೋಗಬಹುದು, ಹೊಳೆದಂಡೆಗೆ ಟಿಕೆಟ್ಟಿಲ್ಲ. ಬುತ್ತಿಗೆ ಚಿತ್ರಾನ್ನ ಕಟ್ಟಿಕೊಳ್ಳಿ. ಮಠದ ಅಂಗಳದಲ್ಲಿ ಹುಲ್ಲು ಸೊಂಪಾಗಿದೆ.