ಖಾಲಿ ಚೀಲ

ನಮ್ಮ ಕೊಳ್ಳೇಗಾಲದಲ್ಲಿ ಹೆಂಗಸೊಬ್ಬಳು ಬೆಳಗಿನ ಹೊತ್ತು ಬೀದಿಯಲ್ಲಿ ನಡೆಯಬೇಕಾದರೆ ಕೈಯಲ್ಲಿ ಏನಾದರೂ ಇರಬೇಕು. ಹಾಲಿನ ಪಾತ್ರೆಯೋ, ಹೂವಿನ ಬುಟ್ಟಿಯೋ, ಕಡೇಪಕ್ಷ ಒಂದು ಬಟ್ಟೆಯ ಚೀಲವೋ. ಬರಿಗೈಯಲ್ಲಿ ಹೊರಟರೆ ಮೂರು ಬಾಗಿಲಿನಿಂದಾದರೂ "ಏನು ಮೇಡಂ, ಇಷ್ಟು ಬೇಗ ಎಲ್ಲಿಗೆ?" ಎಂಬ ಪ್ರಶ್ನೆ ಬರುತ್ತದೆ. ಮೊದಲ ತಿಂಗಳು ನಾನೂ ಖಾಲಿ ಚೀಲವೊಂದನ್ನು ಹಿಡಿದೇ ನಡೆದೆ. ಸುಳ್ಳು ಹೇಳುವ ಕಷ್ಟ ತಪ್ಪಿತು; ನನ್ನ ಪರವಾಗಿ ಚೀಲವೇ ಹೇಳುತ್ತಿತ್ತು.

2022ರಲ್ಲಿ ನನಗೆ ಲಿಂಫೋಮಾ ಎಂದು ತಿಳಿಯಿತು. ದುಗ್ಧಗ್ರಂಥಿಗಳಲ್ಲಿ ಕಾಣಿಸಿಕೊಳ್ಳುವ ಇದೂ ರಕ್ತದ ಕ್ಯಾನ್ಸರುಗಳ ಗುಂಪಿಗೇ ಸೇರಿದ್ದು. ಬೆಂಗಳೂರಿನ ಕಿದ್ವಾಯಿಯಲ್ಲಿ 21 ದಿನಕ್ಕೊಮ್ಮೆಯಂತೆ 6 ಸಲ ಔಷಧಿ ಏರಿಸಿದರು. ಕೂದಲು ಹೋಯಿತು, ಮತ್ತೆ ಬಂತು. ರೋಗ ಈಗ ಕಾಣುತ್ತಿಲ್ಲ ಎಂದು ವೈದ್ಯರು ಹೇಳಿದ ದಿನ ಮನೆಯವರೆಲ್ಲ ಮಾದಪ್ಪನ ಬೆಟ್ಟದ ದಿಕ್ಕಿಗೆ ಕೈಮುಗಿದರು.

ಆದರೆ ಸುಸ್ತು ಹೋಗಲಿಲ್ಲ. ನಿದ್ದೆ ಮಾಡಿದರೂ ತೀರದ ಸುಸ್ತು ಅದು. ಕಪ್ಪುಹಲಗೆಯ ಮೇಲೆ ನಾಲ್ಕು ಸಾಲು ಬರೆದರೆ ಕುರ್ಚಿ ಹುಡುಕಬೇಕು. ಮನೆಯಲ್ಲಿ ಪ್ರೀತಿಯಿಂದಲೇ ನನ್ನನ್ನು ಮಂಚಕ್ಕೆ ಕಟ್ಟಿಹಾಕಿದರು. ಸೊಸೆ ಲೋಟ ತೊಳೆಯಲೂ ಬಿಡಳು. ಯಳಂದೂರಿನಿಂದ ಬಂದ ಅತ್ತಿಗೆ, "ರಕ್ತ ಊರಬೇಕು, ಅಲ್ಲಾಡಬೇಡ" ಎಂದರು. ನಾನೂ ಅದನ್ನೇ ನಂಬಿದೆ. ಒಂದು ದಿನ ನೆಲದ ಮೇಲೆ ಕುಳಿತವಳಿಗೆ ಏಳಲಾಗಲಿಲ್ಲ. ಐದು ವರ್ಷದ ಮೊಮ್ಮಗ ಕೈ ಹಿಡಿದು ಎಳೆದ. ಅವನು ನಗುತ್ತಿದ್ದ. ಆ ರಾತ್ರಿ, ಬದುಕಿ ಉಳಿದದ್ದು ಇದಕ್ಕೇನಾ ಎಂದು ನಾನು ಅತ್ತೆ.

ಮುಂದಿನ ತಪಾಸಣೆಯಲ್ಲಿ ವೈದ್ಯೆ ಕೇಳಿದ ಮೊದಲ ಪ್ರಶ್ನೆ, "ದಿನಕ್ಕೆ ಎಷ್ಟು ನಡೆಯುತ್ತೀರಿ?" ಚಿಕಿತ್ಸೆಯ ಜೊತೆ ಕೊಡುವ ಸ್ಟಿರಾಯ್ಡು ತೊಡೆಯ ಸ್ನಾಯುಗಳ ಶಕ್ತಿ ಕುಂದಿಸುತ್ತದಂತೆ, ಮಲಗಿಯೇ ಇದ್ದರೆ ಉಳಿದದ್ದೂ ಕರಗುತ್ತದಂತೆ. 2019ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಕ್ಯಾನ್ಸರ್ ದಾಟಿದವರಿಗಾಗಿ ಹೇಳಿದ ಅಳತೆ ಇದು: ವಾರಕ್ಕೆ 3 ದಿನ ಅರ್ಧ ಗಂಟೆಯ ಬಿರುಸು ನಡಿಗೆ, 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಸುಸ್ತು, ಆತಂಕ, ಮಂಕು ಕಡಿಮೆಯಾಗುತ್ತವೆ. ರೋಗವನ್ನು ವಾಸಿಮಾಡುವುದು ಔಷಧಿಯೇ, ನಡಿಗೆಯಲ್ಲ. ಎಲ್ಲರಿಗೂ ಒಂದೇ ಅಳತೆಯೂ ಅಲ್ಲ. ಜ್ವರವಿದ್ದರೆ, ಪ್ಲೇಟ್‌ಲೆಟ್ ಇಳಿದಿದ್ದರೆ, ಮೈಲೋಮಾದಿಂದ ಮೂಳೆ ಟೊಳ್ಳಾಗಿದ್ದರೆ ವೈದ್ಯರನ್ನು ಕೇಳದೆ ಹೆಜ್ಜೆ ಇಡಬಾರದು.

ನಾನು ಆರಂಭಿಸಿದ್ದು 5 ನಿಮಿಷದಿಂದ, ಬೀದಿಯ ಕೊನೆಯವರೆಗೆ. ಜೊತೆಗೆ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದು. ಮೂರು ತಿಂಗಳಿಗೆ ಮರಡಿಗುಡ್ಡದ ಬುಡ ಮುಟ್ಟಿದೆ. ಶಾಲೆಯಲ್ಲಿ ಒಂದು ಇಡೀ ಪೀರಿಯಡ್ಡು ನಿಂತೇ ಪಾಠ ಮಾಡಿದ ದಿನ ಯಾರಿಗೂ ಹೇಳದೆ ಒಬ್ಬಳೇ ಸಿಹಿ ತಿಂದೆ.

ಆಸ್ಪತ್ರೆಯ ಸಾಲಿನಲ್ಲಿ ಪರಿಚಯವಾದ ಹನೂರು ಕಡೆಯ ಹೆಂಗಸೊಬ್ಬರಿಗೆ ಇದನ್ನೆಲ್ಲ ಸಂಭ್ರಮದಿಂದ ಹೇಳಿದೆ. ಅವರದು ದಿನವೂ ಮಾತ್ರೆ ನುಂಗಿ ಹತೋಟಿಯಲ್ಲಿಡುವ ರಕ್ತದ ಕ್ಯಾನ್ಸರು. ಮಾಡುವುದು ಹೊಲದ ಕೂಲಿ. ಅವರು ನಕ್ಕುಬಿಟ್ಟರು. "ನಡಿಯಕ್ಕೂ ಡಾಕ್ಟ್ರು ಚೀಟಿ ಬೇಕಾ ಮೇಡಮ್ಮೋರೆ? ನಂಗೆ ಕೂತ್ಕಳಕ್ಕೆ ಒಂದು ಚೀಟಿ ಬರ್ಸ್ಕೊಡಿ."

ನನ್ನ ಬಳಿ ಉತ್ತರವಿರಲಿಲ್ಲ. ಮೈ ಮುರಿಯುವ ದುಡಿಮೆಯೂ ಮೈ ಕಟ್ಟುವ ವ್ಯಾಯಾಮವೂ ಒಂದೇ ಅಲ್ಲ. ಸಾಕೆನಿಸಿದಾಗ ನಾನು ನಿಲ್ಲಬಹುದು. ಅವರು ನಿಂತರೆ ಅಂದಿನ ಕೂಲಿ ಇಲ್ಲ. ಆದರೆ ನಮ್ಮಿಬ್ಬರಿಗೂ ಬೇಕಾದದ್ದು ಒಂದೇ ಇರಬಹುದು ಅನ್ನಿಸಿತು: ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ, ನಮ್ಮದೇ ಆದ ಅರ್ಧ ಗಂಟೆ. ನನಗೆ ಅದು ನಡಿಗೆ, ಅವರಿಗೆ ನೆರಳಲ್ಲಿ ಕೂರುವುದು.

ಪ್ರತಿ ರಕ್ತಪರೀಕ್ಷೆಗೆ ಮುಂಚೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಆ ದಿನಗಳಲ್ಲಿ ಸ್ವಲ್ಪ ಹೆಚ್ಚೇ ನಡೆಯುತ್ತೇನೆ. ಚೀಲವನ್ನು ಅಡುಗೆಮನೆಯ ಮೊಳೆಗೆ ತೂಗುಹಾಕಿ ಬಹಳ ದಿನವಾಯಿತು. "ಎಲ್ಲಿಗೆ ಮೇಡಂ?" ಎಂದರೆ, "ಎಲ್ಲಿಗೂ ಇಲ್ಲ, ಸುಮ್ಮನೆ" ಎನ್ನುತ್ತೇನೆ. ಮೊನ್ನೆ ಹಾಗೆ ಕೇಳಿದ ಎದುರುಮನೆಯಾಕೆ ಚಪ್ಪಲಿ ಮೆಟ್ಟಿ ಜೊತೆಗೆ ಬಂದರು. ಅವರ ಕೈಯಲ್ಲಿ ಒಂದು ಖಾಲಿ ಚೀಲವಿತ್ತು.