ಮೂರು ಗಂಟೆಯ ಪಂದ್ಯ

ಮುಂಬಯಿಯಲ್ಲಿ ಕನ್ನಡ ಕಲಿಸಿದ ದಿನಗಳ ಬಗೆಗೆ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನಗೆ ತರಗತಿಗಿಂತ ಮೊದಲು ನೆನಪಾದುದು ಬೈಕುಲ್ಲಾದ ಒಂದು ಸಿಮೆಂಟಿನ ಅಂಗಣ. ಅದಕ್ಕೆ ಕಾರಣ ಹಾಜರಿ ಪುಸ್ತಕ.

1998ರಲ್ಲಿ ನಾನು ಆ ಕಡೆಯ ಕಾಲೇಜೊಂದರಲ್ಲಿ ಹೊಸ ಅಧ್ಯಾಪಕ. ಪ್ರತಿ ಡಿಸೆಂಬರಿನಲ್ಲಿ ಅಲ್ಲಿ ಆಹ್ವಾನಿತ ಕಾಲೇಜುಗಳ ಬಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಯುತ್ತಿತ್ತು, ಹುಡುಗರಿಗೂ ಹುಡುಗಿಯರಿಗೂ. ಬೈಕುಲ್ಲಾಕ್ಕೆ ತಾಗಿಕೊಂಡಿರುವ ನಾಗಪಾಡಾ ಈ ಆಟದ ತವರು. 1970ರಲ್ಲಿ ಅರ್ಜುನ ಪ್ರಶಸ್ತಿ ಪಡೆದ, ಭಾರತ ತಂಡವನ್ನು ಮುನ್ನಡೆಸಿದ ಅಬ್ಬಾಸ್ ಮುಂತಸೀರ್ ನಾಗಪಾಡಾದಲ್ಲಿ ಆಡಿ ಮೇಲೆ ಬಂದವರು. ಆ ಓಣಿಗಳಲ್ಲಿ ಕ್ರಿಕೆಟ್ಟಿನಷ್ಟೇ ಸಲೀಸಾಗಿ ಇದರ ಮಾತು ನಡೆಯುತ್ತಿತ್ತು. (1891ರಲ್ಲಿ ಅಮೆರಿಕದಲ್ಲಿ ನೈಸ್ಮಿತ್ ಹಣ್ಣಿನ ಬುಟ್ಟಿ ಕಟ್ಟಿ ಆರಂಭಿಸಿದ ಆಟವಿದು. ‘ಬುಟ್ಟಿಚೆಂಡು’ ಎಂದು ಒಮ್ಮೆ ತರಗತಿಯಲ್ಲಿ ಹೇಳಿ ನಗೆಗೀಡಾದವನು ನಾನು.)

ಪರೀಕ್ಷೆಗೆ ಕೂರಲು ಶೇಕಡಾ 75ರಷ್ಟು ಹಾಜರಿ ಬೇಕು. ಆಡುವ ಹುಡುಗರು ಜಿಮ್‌ಖಾನಾದ ಪತ್ರ ತಂದರೆ ಓದದೆಯೇ ಸಹಿ ಹಾಕುತ್ತಿದ್ದೆ. ಆ ವರ್ಷ ದ್ವಿತೀಯ ಬಿ.ಎ.ಯ ವಿದ್ಯಾರ್ಥಿನಿಯೊಬ್ಬಳು ಅಂಥದೇ ಪತ್ರ ತಂದಳು. ‘ಮನೆಯಲ್ಲಿ ಗೊತ್ತಿದೆಯೇನಮ್ಮಾ? ತಂದೆಯ ಸಹಿ ಮಾಡಿಸಿಕೊಂಡು ಬಾ’ ಎಂದೆ. ಅವಳು ಮರುಮಾತಾಡಲಿಲ್ಲ. ಮರುದಿನ ಪತ್ರದ ಕೆಳಗೆ ಕನ್ನಡದಲ್ಲಿ, ಒತ್ತಿ ಬರೆದ ದುಂಡಗಿನ ಅಕ್ಷರಗಳ ಸಹಿಯಿತ್ತು. ಹುಡುಗರಲ್ಲಿ ಒಬ್ಬನಿಂದಲೂ ನಾನು ಕೇಳದಿದ್ದ ಸಹಿ ಅದು.

ಆ ಮುಜುಗರವೇ ನನ್ನನ್ನು ಅಂಗಣಕ್ಕೆ ಎಳೆದೊಯ್ದಿರಬೇಕು. ಹುಡುಗಿಯರ ಅಂತಿಮ ಪಂದ್ಯ ಮಧ್ಯಾಹ್ನ ಮೂರಕ್ಕೆ, ಸುಡುವ ನೆಲದ ಮೇಲೆ. ಹುಡುಗರದು ಸಂಜೆ ಏಳಕ್ಕೆ, ದೀಪಗಳ ಬೆಳಕಿನಲ್ಲಿ, ಬ್ಯಾಂಡಿನ ಸದ್ದಿನ ನಡುವೆ. ಮಧ್ಯಾಹ್ನ ಇದ್ದ ಪ್ರೇಕ್ಷಕರು ಮೂವತ್ತು ಮಂದಿಯೂ ಇರಲಾರರು. ಆಗಿನ್ನೂ ಇಪ್ಪತ್ತು ನಿಮಿಷಗಳ ಎರಡು ಅವಧಿಗಳ ಆಟ. ಇಂದಿನ ಹತ್ತು ನಿಮಿಷಗಳ ನಾಲ್ಕು ಭಾಗಗಳು ಬಂದಿರಲಿಲ್ಲ. ತರಗತಿಯಲ್ಲಿ ಕೊನೆಯ ಬೆಂಚಿನಿಂದ ತಲೆಯೆತ್ತದ ಹುಡುಗಿ ಇಲ್ಲಿ ಉಳಿದ ನಾಲ್ವರನ್ನೂ ಕೂಗಿ ಕೂಗಿ ನಿಲ್ಲಿಸುತ್ತಿದ್ದಳು. ಆ ಧ್ವನಿಯನ್ನು ನಾನು ಎಂದೂ ಕೇಳಿರಲಿಲ್ಲ.

ಗೋಡೆಯ ಬದಿಯ ನೆರಳಿನಲ್ಲಿ ಹೆಗಲ ಮೇಲೆ ಪಂಚೆ ಹಾಕಿಕೊಂಡವರೊಬ್ಬರು ನಿಂತಿದ್ದರು. ಅವಳ ತಂದೆ. ಉಡುಪಿ ಕಡೆಯವರು, ಸಮೀಪದ ಹೋಟೆಲಿನಲ್ಲಿ ದೋಸೆ ಹೊಯ್ಯುವವರು, ರಾತ್ರಿಶಾಲೆಯಲ್ಲಿ ಏಳನೆಯವರೆಗೆ ಓದಿದವರು. ‘ಇದುವರೆಗೆ ಒಂಬತ್ತು ಪಾಯಿಂಟು ಹಾಕಿದ್ದಾಳೆ, ಮಾಷ್ಟ್ರೇ’ ಎಂದರು. ಬಿಸಿಲಿನ ಹೊತ್ತಿನಲ್ಲಿ ಹುಡುಗಿಯರನ್ನು ಆಡಿಸುವುದು ಅನ್ಯಾಯವೆಂದು ನಾನು ಹೇಳಿದೆ. ಅವರು ಅಂಗಣದಿಂದ ಕಣ್ಣು ತೆಗೆಯದೆ, ‘ಮೂರರಿಂದ ನಾಲ್ಕೂವರೆವರೆಗೆ ನನಗೆ ಬಿಡುವು’ ಎಂದಷ್ಟೇ ಹೇಳಿದರು.

ಆ ಮಾತನ್ನು ನಾನು ಅಂದು ಕೇಳಿಸಿಕೊಂಡೆನೇ ಹೊರತು ಗ್ರಹಿಸಲಿಲ್ಲ. ಅಧ್ಯಾಪಕರ ಸಭೆಯಲ್ಲಿ ವಾದಿಸಿ, ಮರುವರ್ಷ ಹುಡುಗಿಯರ ಅಂತಿಮ ಪಂದ್ಯವನ್ನೂ ಸಂಜೆಗೆ ತರಿಸಿದೆ. ಅದು ಸರಿಯಾದ ಕೆಲಸವೇ. ಇಂದಿಗೂ ಹಾಗೆಯೇ ವಾದಿಸುತ್ತೇನೆ. 1999ರ ಆ ಸಂಜೆ ಕಾಲಿಡಲು ಜಾಗವಿಲ್ಲದಷ್ಟು ಜನ. ಅವಳ ತಂಡ ಗೆದ್ದಿತು. ಗೋಡೆಯ ಬದಿಯಲ್ಲಿ ನಾನು ಹುಡುಕಿದ ಮುಖ ಮಾತ್ರ ಇರಲಿಲ್ಲ.

ಹಿಂದಿರುಗುವಾಗ ಹೋಟೆಲಿಗೆ ಹೋದೆ. ಸಂಜೆಯ ಗಿರಾಕಿಗಳ ಗದ್ದಲ. ಕಾವಲಿಯ ಮುಂದೆ ಬೆವರುತ್ತ ನಿಂತಿದ್ದವರಿಗೆ ಮಗಳ ತಂಡ ಗೆದ್ದ ಸುದ್ದಿ ಹೇಳಿದೆ. ಅವರ ಮುಖವೆಲ್ಲ ಅರಳಿತು.

‘ಇವಳೆಷ್ಟು ಹಾಕಿದಳು, ಮಾಷ್ಟ್ರೇ?’

ನಾನು ಲೆಕ್ಕವಿಟ್ಟಿರಲಿಲ್ಲ.