ಹಿಂದೆ ನಿಂತವನ ಹಿರಿಮೆ

ನಮ್ಮ ಕಬನೂರಿನಲ್ಲಿ ಕುಸ್ತಿಯ ಪ್ರಸ್ತಾಪ ಬಂದಿತೆಂದರೆ ಮಾತು 1952ರ ಹೆಲ್ಸಿಂಕಿಯಲ್ಲಿ ಕಂಚು ಗೆದ್ದ ಖಾಶಾಬಾ ಜಾಧವರಲ್ಲಿಗೆ ತಲುಪದೆ ನಿಲ್ಲದು. ಆದರೆ ಮಂಜುಗಡ್ಡೆಯ ಮೇಲಣ ಹಾಕಿಗೂ ಕುಸ್ತಿಗೂ ನಂಟುಂಟೆಂದರೆ ಕೇಳಿದವರು ನಕ್ಕಾರು. ನಂಟುಂಟು. 1977ರಲ್ಲಿ ಸ್ಲೊವಾಕಿಯಾದ ತ್ರೆಂಚಿನ್‌ನಲ್ಲಿ ಜನಿಸಿದ ಝ್ದೇನೊ ಚಾರಾನ ತಂದೆ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಸೆಣಸಿದ ಜಟ್ಟಿ. ಮಗನಾದರೋ 6 ಅಡಿ 9 ಅಂಗುಲ ಬೆಳೆದು, ಉತ್ತರ ಅಮೆರಿಕದ ಮಂಜುಗಡ್ಡೆ ಹಾಕಿ ಲೀಗಾದ ಎನ್‌ಎಚ್‌ಎಲ್‌ನಲ್ಲಿ ರಕ್ಷಣಾ ಆಟಗಾರನಾಗಿ 1,680 ಲೀಗ್ ಪಂದ್ಯಗಳನ್ನಾಡಿ, 2011ರಲ್ಲಿ ಬಾಸ್ಟನ್ ತಂಡದ ನಾಯಕನಾಗಿ ಸ್ಟ್ಯಾನ್ಲಿ ಕಪ್ ಎತ್ತಿದನು. 2019ರ ಅಂತಿಮ ಸರಣಿಯಲ್ಲಿ ಪಕ್ (ಆ ಆಟದಲ್ಲಿ ಚೆಂಡಿನ ಬದಲಿರುವ ಬಿಲ್ಲೆ) ಬಡಿದು ದವಡೆ ಮುರಿದಾಗಲೂ, ಮುಂದಿನ ಪಂದ್ಯಕ್ಕೆ ಮುಖಕವಚ ತೊಟ್ಟು ಕಣಕ್ಕಿಳಿದ ಧೀರನವನು.

ಕನ್ನಡನಾಡಿನಲ್ಲಿ ಆತನಿಗೆ ಸಮೀಪದವರನ್ನು ಅರಸಿದರೆ, ಹುಲ್ಲುಹಾಸಿನ ಹಾಕಿಯಲ್ಲಿ ಕೊಡಗಿನ ವಿ. ಆರ್. ರಘುನಾಥ್ ದೊರೆಯುತ್ತಾರೆ. ಹಿಂದೆ ನಿಂತು ಎದುರಾಳಿಯನ್ನು ತಡೆಯುತ್ತಲೇ, ಪೆನಾಲ್ಟಿ ಕಾರ್ನರ್ ದೊರೆತೊಡನೆ ಮುಂದೆ ಸಾಗಿ, ಚೆಂಡನ್ನು ಕೋಲಿನಿಂದ ಎಳೆದು ಚಿಮ್ಮಿಸಿ ಗೋಲಾಗಿಸುವ ಕಲೆಯಲ್ಲಿ ನಿಷ್ಣಾತರಾದ ಇವರು, 2012 ಮತ್ತು 2016ರ ಒಲಿಂಪಿಕ್ಸ್‌ಗಳಲ್ಲಿ ಆಡಿ, 2014ರ ಏಷ್ಯನ್ ಕ್ರೀಡಾಕೂಟದ ಸ್ವರ್ಣವಿಜಯದಲ್ಲಿಯೂ ಪಾಲ್ಗೊಂಡು, 2016ರಲ್ಲಿ ಅರ್ಜುನ ಪ್ರಶಸ್ತಿಗೆ ಪಾತ್ರರಾದರು. ಚಾರಾನ ಹೊಡೆತವೂ ಅಂತಹುದೇ: 2012ರಲ್ಲಿ ಅದರ ವೇಗ ಗಂಟೆಗೆ 175 ಕಿಲೋಮೀಟರು!

ಹೊಡೆದ ಗೋಲುಗಳನ್ನಷ್ಟೇ ಎಣಿಸುವ ಪ್ರೇಕ್ಷಕನು ಇಂಥವರ ಹೊಡೆತಕ್ಕೆ ಚಪ್ಪಾಳೆ ತಟ್ಟುವನಲ್ಲದೆ, ಅವರ ದೆಸೆಯಿಂದ ಆಗದೆಹೋದ ಗೋಲುಗಳನ್ನು ಲೆಕ್ಕಕ್ಕೇ ಹಿಡಿಯನು. ತಂಡವನ್ನು ಗೆಲ್ಲಿಸುವುದರಲ್ಲಿ ಅವುಗಳ ಪಾಲೇನೂ ಕಡಿಮೆಯದಲ್ಲ.